ಬಣ್ಣಗಾರ ಕಾಕಾನ ಸಮುದ್ರ

ಬಣ್ಣಗಾರ ಕಾಕಾ ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ಈ ಇಪ್ಪತ್ತಾರು ದಿನಗಳಲ್ಲಿ ನಾನು ಕೆಲಸದಲ್ಲಿ ಎರಡು ಸಲ ಅಂಕಿ ತಪ್ಪು ಬರೆದೆ. ಎರಡನ್ನೂ ಅದೇ ದಿನ ಕಂಡು ತಿದ್ದಿದೆ, ಯಾರಿಗೂ ತೊಂದರೆಯಾಗಲಿಲ್ಲ. ಆದರೆ ನನ್ನ ಕೈ ಇನ್ನೂ ನೆಟ್ಟಗಿಲ್ಲ ಎಂಬುದು ನನಗೆ ತಿಳಿಯಿತು. ಹಾಗಾಗಿ ಇಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಕೇಳಿದ್ದನ್ನು ಬರೆಯಬೇಕಾದ ಕಡೆ ಕೇಳಿದ್ದು ಎಂದೇ ಹೇಳುತ್ತೇನೆ.

ನನ್ನ ಕೆಲಸ ನೀರು ಪರೀಕ್ಷಿಸುವುದು. ಮನೆ ಖಾನಾಪುರದಲ್ಲಿ, ಪ್ರಯೋಗಾಲಯ ಬೆಳಗಾವಿಯಲ್ಲಿ. ಅವರು ಶಹಾಪುರದ ಹಳೆಯ ಬಣ್ಣಗಾರರು. ಮಗ್ಗದವರು ತಂದುಕೊಟ್ಟ ನೂಲಿಗೆ ಐವತ್ತು ವರ್ಷ ಬಣ್ಣ ಹಾಕಿದವರು. ಅವರ ಹೆಸರನ್ನು ಬರೆಯುವುದಿಲ್ಲ. ಸೀರೆಯ ಮೇಲೆ ನೇಯ್ದವನ ಹೆಸರೂ ಇರುವುದಿಲ್ಲ, ಬಣ್ಣ ಹಾಕಿದವನ ಹೆಸರೂ ಇರುವುದಿಲ್ಲ, ಅದಕ್ಕೇ ಸೀರೆ ಹಗುರ ಇರುತ್ತದೆ ಎಂದು ಒಮ್ಮೆ ಅವರೇ ನನಗೆ ಹೇಳಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ಅವರು ನನ್ನನ್ನು ಬಾಯಾರ, ಅಂದರೆ ಮೇಡಂ, ಎನ್ನುತ್ತಿದ್ದರು.

ಮೊದಲ ಸಲ ಅವರು ನಮ್ಮಲ್ಲಿಗೆ ಬಂದದ್ದು ಎರಡು ವರ್ಷದ ಹಿಂದಿನ ಜೂನ್ ತಿಂಗಳಲ್ಲಿ. ಬಟ್ಟೆಯ ಚೀಲದಲ್ಲಿ ನಾಲ್ಕು ಬಾಟಲಿ ನೀರು ತಂದಿದ್ದರು. ಬಾಟಲಿಗಳ ಮೇಲೆ ಚೀಟಿ ಇರಲಿಲ್ಲ, ಕೊರಳಿಗೆ ಒಂದೊಂದು ಬಣ್ಣದ ನೂಲು ಕಟ್ಟಿತ್ತು. ಚೀಟಿ ಇಲ್ಲದ ನೀರನ್ನು ತೆಗೆದುಕೊಳ್ಳುವಂತಿಲ್ಲ ಎಂದೆ. ಕೆಂಪು ನೂಲಿಂದು ತಮ್ಮ ಬಾವಿ, ಹಸಿರಿಂದು ನಳ, ಹಳದಿಯದು ಶುದ್ಧ ನೀರಿನ ಅಂಗಡಿ, ನೀಲಿಯದು ಮಳೆ ನೀರು ಎಂದು ಹೇಳಿ, ಚೀಟಿ ತೊಯ್ದರೆ ಅಕ್ಷರ ಹೋಗುತ್ತದೆ, ತಾವು ಹಾಕಿದ ಬಣ್ಣ ಹೋಗುವುದಿಲ್ಲ ಎಂದರು. ನಾನು ಅರ್ಜಿಯ ನಮೂನೆ ಮುಂದಿಟ್ಟೆ. ಅದರಲ್ಲಿ ‘ಬಳಕೆಯ ಉದ್ದೇಶ’ ಎಂಬ ಸಾಲಿದೆ: ಕುಡಿಯಲು, ಕೃಷಿಗೆ, ಕಟ್ಟಡಕ್ಕೆ, ಇತರೆ. ಅವರು ಕನ್ನಡಕ ಹಾಕಿಕೊಂಡು ನಾಲ್ಕನ್ನೂ ಓದಿದರು.

“ಸಮುದ್ರ ಮಾಡಾಕ ಬೇಕ್ರಿ ಬಾಯಾರ,” ಎಂದರು. “ಅದು ಯಾವ ಸಾಲಿನ್ಯಾಗ ಬರತೈತಿ?”

ನಾನು ‘ಇತರೆ’ಗೆ ಗುರುತು ಹಾಕಿದೆ.

ವರದಿ ಒಯ್ಯಲು ನಾಲ್ಕು ದಿನ ಬಿಟ್ಟು ಬಂದಾಗ ಅವರು ಅದನ್ನು ತೆರೆಯುವ ಮೊದಲೇ ಯಾವ ನೀರು ಎಷ್ಟು ಗಡಸು ಎಂದು ಒಂದರ ಹಿಂದೊಂದು ಹೇಳಿದರು. ನನ್ನ ವರದಿಯಲ್ಲಿದ್ದ ಕ್ರಮವೂ ಅದೇ. ಹೇಗೆ ತಿಳಿಯಿತೆಂದು ಕೇಳಿದ್ದಕ್ಕೆ ನಾಲಿಗೆ ತೋರಿಸಿದರು. ನನ್ನ ಮೇಜಿನ ಮೇಲೆ ಮನೆಯಿಂದ ತಂದ ಕುಡಿಯುವ ನೀರಿನ ಬಾಟಲಿ ಇತ್ತು. ಅಪ್ಪಣೆ ಕೇಳಿ ಅದರಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದರು. ಖಾನಾಪುರದ ಕಡೆಯದು, ನದಿಯ ಸಮೀಪದ ಬಾವಿಯದು ಎಂದರು. ಅವರ ತಂದೆಯ ಕಾಲದಲ್ಲಿ ಮದುವೆ ಸೀರೆಯ ಕೆಂಪಿಗೆಂದು ಆ ಕಡೆಯಿಂದ ಚಕ್ಕಡಿಯಲ್ಲಿ ನೀರು ತರಿಸುತ್ತಿದ್ದರಂತೆ. ಇದು ಕೇಳಿದ್ದು. ನಮ್ಮ ಬಾವಿ ನದಿಯ ಸಮೀಪವೇ ಇದೆ, ಅದು ನಾನು ಬಲ್ಲದ್ದು.

ಅವರು ಎತ್ತರದವರಲ್ಲ. ಮೊಣಕೈಯ ತನಕ ತೋಳುಗಳು ಮೈಯ ಉಳಿದ ಭಾಗಕ್ಕಿಂತ ತುಸು ಕಪ್ಪಾಗಿದ್ದವು. ಎಡಗೈ ಹೆಬ್ಬೆರಳಿನ ಉಗುರು ನೀಲಿ. ಮಗ್ಗದವರು ಬಣ್ಣ ಹಾಕಿದ ನೂಲನ್ನೇ ಕೊಳ್ಳತೊಡಗಿದ ಮೇಲೆ ಅವರು ಬಣ್ಣದ ಮನೆ ಮುಚ್ಚಿ ಆಗಲೇ ಆರು ವರ್ಷವಾಗಿತ್ತು. ಉಗುರು ಎಷ್ಟೋ ಸಲ ಬೆಳೆದು ಕತ್ತರಿಸಿ ಹೋಗಿರಬೇಕು, ನೀಲಿ ಮಾತ್ರ ಹೋಗಿರಲಿಲ್ಲ. ಇದಕ್ಕೆ ಕಾರಣ ನನಗೆ ಗೊತ್ತಿಲ್ಲ. ಮಾತನಾಡುವಾಗ ಎರಡೂ ಕೈಗಳನ್ನು ಮುಂದೆ ಚಾಚಿ, ಒದ್ದೆ ನೂಲಿನ ಲಡಿ ಹಿಡಿದವರ ಹಾಗೆ ಮೆಲ್ಲನೆ ತಿರುಗಿಸುತ್ತಿದ್ದರು.

ಸಮುದ್ರದ ಹುಚ್ಚು ಅವರಿಗೆ ಹಿಡಿದದ್ದು ಸಮುದ್ರದ ದಂಡೆಯಲ್ಲಲ್ಲ, ರಾಮತೀರ್ಥ ನಗರದ ಒಬ್ಬ ಹಲ್ಲಿನ ಡಾಕ್ಟರರ ಕಾಯುವ ಕೋಣೆಯಲ್ಲಿ. ಡಾಕ್ಟರರು ಅಲ್ಲಿ ಗೋಡೆಗೆ ಹೊಂದಿಸಿ ಉಪ್ಪುನೀರಿನ ಒಂದು ಗಾಜಿನ ತೊಟ್ಟಿ ಇಟ್ಟಿದ್ದರು. ಒಳಗೆ ಮೀನಿಗಿಂತ ಹೆಚ್ಚಾಗಿ ಹವಳದ ಜೀವಗಳು. ಕಾಕಾ ದವಡೆ ಹಿಡಿದುಕೊಂಡು ಹೋದವರು ಅದರ ಮುಂದೆ ನಿಂತರು. ಕಂಪೌಂಡರ್ ಹೆಸರು ಕರೆದಾಗ ಮುಂದಿನವರನ್ನು ಕಳಿಸಲು ಹೇಳಿದರು. ಹಾಗೆ ಮೂವರನ್ನು ಬಿಟ್ಟುಕೊಟ್ಟರು. ಕೊನೆಗೆ ಡಾಕ್ಟರರೇ ಹೊರಗೆ ಬಂದು ನೋವು ಎಲ್ಲಿ ಎಂದು ಕೇಳಿದರೆ, ಇವರು ತೊಟ್ಟಿಯೊಳಗೆ ಬೆರಳು ತೋರಿಸಿ, ನಡುವೆ ಹಸಿರಿದ್ದು ಅಂಚಿಗೆ ಕಿತ್ತಳೆ ಇರುವ ಆ ಅಂಗಿಯ ಗುಂಡಿಯಂಥದ್ದು ಏನು, ಆ ಹಸಿರು ಅಂಥ ಕಿತ್ತಳೆಯ ಪಕ್ಕದಲ್ಲಿದ್ದೂ ಯಾಕೆ ಕಲಸಿಹೋಗಿಲ್ಲ ಎಂದು ಕೇಳಿದರಂತೆ. ಇದನ್ನು ನನಗೆ ಹೇಳಿದವರು ಡಾಕ್ಟರರು. ಹಲ್ಲು ಸರಿಯಾದ ಮೇಲೂ ಕಾಕಾ ನಾಲ್ಕು ಸಲ ಹೋಗಿ ಕಾಯುವ ಕೋಣೆಯಲ್ಲಿ ಕುಳಿತು ಬಂದರು. ಐದನೆಯ ಸಲ ಡಾಕ್ಟರರು, ಹೀಗೆ ಬರುವ ಬದಲು ನೀವೇ ಒಂದು ಮಾಡಿರಿ, ನನ್ನ ತೊಟ್ಟಿಯಲ್ಲೇ ಬೆಳೆದದ್ದರಿಂದ ಒಂದೊಂದು ಕುಡಿ ಕತ್ತರಿಸಿ ಕೊಡುತ್ತೇನೆ ಎಂದರು.

ಮನೆಯಲ್ಲಿ ಒಪ್ಪಿಗೆ ಸಿಗುವುದು ಸುಲಭವಿರಲಿಲ್ಲ. ಕಾಕುವಿನ ಪಕ್ಷವನ್ನೂ ಹೇಳಬೇಕು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಹಿತ್ತಿಲಿನಿಂದ ಪಡಸಾಲೆಯವರೆಗೆ ಕಡಾಯಿ, ಬಕೇಟು, ತೊಟ್ಟಿಕ್ಕುವ ನೂಲು. ಬಣ್ಣದ ಮನೆ ಮುಚ್ಚಿದ ಮೇಲೆ ಮೊದಲ ಬಾರಿಗೆ ಆಕೆಗೆ ಒಣಗಿದ ಪಡಸಾಲೆ ಸಿಕ್ಕಿತ್ತು. ಅಲ್ಲಿಗೇ ಗಂಡ ಮತ್ತೆ ನೀರು ತರುತ್ತೇನೆ ಎನ್ನುತ್ತಿದ್ದರು. ಅದರ ಮೇಲೆ ಲಿಂಗವಂತರ ಮನೆ. ಜೀವ ಇರುವವರೆಗೆ ಸರಿ, ಸತ್ತರೆ? ಆಕೆ ಒಂದೇ ಷರತ್ತು ಹಾಕಿದರು. ಅದನ್ನು ನನ್ನೆದುರಿಗೇ ಮತ್ತೊಮ್ಮೆ ಹೇಳಿದ್ದರಿಂದ ಬರೆಯಬಲ್ಲೆ.

“ಒಂದ ಒಂದು ಜೀವ ಈ ಮನ್ಯಾಗ ಸತ್ತರ ಮರುದಿನ ಆ ಡಬ್ಬಿ ಹೊರಗ. ಆಮ್ಯಾಲ ನನ್ನ ಮುಂದ ಮಾರಿ ಸಣ್ಣದು ಮಾಡ್ಕೊಂಡು ಕುಂದರಬಾರದು.”

ಕಾಕಾ ಒಪ್ಪಿದರು. ಒಪ್ಪಿದ ಮೇಲೆ ಅವಸರ ಮಾಡಲಿಲ್ಲ. ಇದು ಅವರೇ ಹೇಳಿ ಕೇಳಿದ್ದು. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಚೌಕ ಬರೆದು, ಎಂಟು ದಿನ ಅದನ್ನು ತುಳಿಯದೆ ಸುತ್ತುಬಳಸಿ ಓಡಾಡಿದರು. ದಿನಾ ಬೆಳಗ್ಗೆ ಕಾಕು ಕಸ ಹೊಡೆಯುವಾಗ ಅದನ್ನೂ ಹೊಡೆದುಹಾಕುತ್ತಿದ್ದರು. ದಿನಾ ಚಹಾ ಕುಡಿದ ಮೇಲೆ ಅವರು ಮತ್ತೆ ಬರೆಯುತ್ತಿದ್ದರು. ಬಿಸಿಲು ಎಲ್ಲಿಯವರೆಗೆ ಬರುತ್ತದೆ, ಕರೆಂಟು ಹೋದಾಗ ಬ್ಯಾಟರಿ ಎಲ್ಲಿಡಬೇಕು, ನೀರು ಚೆಲ್ಲಿದರೆ ಯಾವ ಕಡೆ ಹರಿಯುತ್ತದೆ, ಎಲ್ಲವನ್ನೂ ನೋಡಿಕೊಂಡರು. ಒಂಬತ್ತನೆಯ ದಿನ ಕಾಕು ಕಸ ಹೊಡೆಯುವಾಗ ಚೌಕವನ್ನು ಹಾಗೇ ಬಿಟ್ಟು ಸುತ್ತ ಹೊಡೆದರು. ಆ ದಿನವೇ ಅವರು ಗಾಜು ಕತ್ತರಿಸುವವನಿಗೆ ಅಳತೆ ಕೊಟ್ಟರು. ಹಿತ್ತಿಲಿನಲ್ಲಿ ಕಡಾಯಿ ಇಡುತ್ತಿದ್ದ ಕಲ್ಲಿನ ಕಟ್ಟೆಯೇ ತೊಟ್ಟಿಗೆ ಪೀಠವಾಯಿತು.

ನಾನು ವಾರಕ್ಕೊಮ್ಮೆ, ಮಂಗಳವಾರ ಕಚೇರಿ ಮುಗಿಸಿ, ಶಹಾಪುರಕ್ಕೆ ಹೋಗಿ ಅವರ ನೀರು ನೋಡಿ ಆಮೇಲೆ ಖಾನಾಪುರದ ಬಸ್ಸು ಹಿಡಿಯುವುದು ರೂಢಿಯಾಯಿತು. ಯಾಕೆ ಹೋಗುತ್ತಿದ್ದೆ ಎಂದು ಕೇಳಿದರೆ, ನನ್ನ ಮೇಜಿಗೆ ಬರುವ ನೀರೆಲ್ಲ ಯಾವುದೋ ದೂರಿನ ನೀರು. ಸಂತೋಷಕ್ಕೆಂದು ಪರೀಕ್ಷೆಗೆ ಬಂದ ನೀರು ಅದೊಂದೇ.

ಶುದ್ಧ ನೀರಿಗೆ ಸಮುದ್ರದ ಉಪ್ಪಿನ ಪುಡಿ ಬೆರೆಸಿ ಒಂದು ರಾತ್ರಿ ಸಣ್ಣ ಪಂಪಿನಿಂದ ತಿರುಗಿಸಬೇಕು. ಒಂದು ಲೀಟರಿಗೆ ಸುಮಾರು ಮೂವತ್ತೈದು ಗ್ರಾಂ. ಅವರು ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೆರೆಸುತ್ತಿದ್ದರು. ನಾನು ಒಂದು ಹನಿ ತೆಗೆದು, ದುರ್ಬೀನಿನಂಥ ಪುಟ್ಟ ಕೊಳವೆಯ ಗಾಜಿನ ಮೇಲೆ ಹಾಕಿ, ಬೆಳಕಿಗೆ ಹಿಡಿದು ಉಪ್ಪಿನ ಅಂಕಿ ಓದುತ್ತಿದ್ದೆ. ಬಣ್ಣ ಹಾಕುವುದು ಯಾರಿಗೂ ಬರುತ್ತದೆ, ನೀರು ಮಾಡುವುದನ್ನು ಕಲಿಯಬೇಕು ಎಂಬುದು ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು. ಇನ್ನೊಂದು, ಮೂರು ನೀರಿನ ಮಾತು. ಬಣ್ಣದಿಂದ ತೆಗೆದ ನೂಲನ್ನು ಮೂರು ನೀರಿನಲ್ಲಿ ಜಾಲಿಸಬೇಕು: ಮೊದಲನೆಯದರಲ್ಲಿ ಸುಳ್ಳು ಬಣ್ಣ ಹೋಗುತ್ತದೆ, ಎರಡನೆಯದರಲ್ಲಿ ಸಂಶಯ ಹೋಗುತ್ತದೆ, ಮೂರನೆಯದು ನಮ್ಮ ಮನಸ್ಸಿನ ಸಮಾಧಾನಕ್ಕೆ, ಆದರೆ ಅದನ್ನು ಬಿಟ್ಟವನ ಸೀರೆಯೇ ಬಣ್ಣ ಬಿಡುವುದು.

ತೊಟ್ಟಿಗೆ ನೀರು, ಮರಳು, ಕಲ್ಲು ಹಾಕಿದ ಮೇಲೆ ಆರು ವಾರ ಏನನ್ನೂ ಬಿಡುವಂತಿರಲಿಲ್ಲ. ಕಲ್ಲಿನ ಸಂದುಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆದು ಹೊಲಸನ್ನು ಅರಗಿಸಲು ಕಲಿಯಬೇಕು. ಆ ಆರು ವಾರಗಳ ನಡುವೆ ಗಣಪತಿ ಹಬ್ಬ ಬಂತು. ಓಣಿಯ ಗಣಪತಿ ನೋಡಲು ಬಂದವರೆಲ್ಲ ಇವರ ಮನೆಯಲ್ಲಿ ಸಮುದ್ರ ಇದೆಯೆಂದು ಕೇಳಿ ಒಳಗೆ ಬಂದರು. ಬಂದವರಿಗೆ ಕಂಡದ್ದು ನೀರಿನಲ್ಲಿ ಮುಳುಗಿದ ಹನ್ನೊಂದು ಕಲ್ಲುಗಳು. ಕಾಕಾ ಪ್ರತಿಯೊಬ್ಬರಿಗೂ ಕುರ್ಚಿ ಹಾಕಿ, ದೀಪ ಹಚ್ಚಿ, ಕಲ್ಲುಗಳನ್ನು ತೋರಿಸಿದರು. ಒಬ್ಬ ಹಿರಿಯರು ಬಹಳ ಹೊತ್ತು ನೋಡಿ, ಮೀನು ಯಾವ ಕಲ್ಲಿನ ಹಿಂದೆ ಇದೆ ಎಂದು ಕೇಳಿದರು. ಇಲ್ಲ, ಇನ್ನೂ ಬಂದಿಲ್ಲ ಎಂದಾಗ, ಹಾಗಾದರೆ ಬಂದ ಮೇಲೆ ದೀಪ ಹಚ್ಚಿರಿ, ಕರೆಂಟು ಪುಗಸಟ್ಟೆ ಬರುತ್ತದೇನು ಎಂದು ಬೈದು ಹೋದರು. ಓಣಿಯಲ್ಲಿ ಅದಕ್ಕೆ ‘ಕಲ್ಲಿನ ಸಾರು’ ಎಂಬ ಹೆಸರು ಬಿತ್ತು. ಇದೆಲ್ಲವನ್ನೂ ನಗುತ್ತ ನನಗೆ ಹೇಳಿದವರು ಕಾಕಾನೇ.

ಆಮೇಲೆ ಊಟದ ಸಮಸ್ಯೆ. ಬರಲಿರುವ ಮೀನಿಗೂ ಹವಳಕ್ಕೂ ಬೇಕಾದದ್ದು ಹಿಮಗಟ್ಟಿಸಿದ ಪುಟಾಣಿ ಸಿಗಡಿ. ಅದನ್ನು ಕಾಕುವಿನ ಫ್ರಿಜ್ಜಿನಲ್ಲಿ ಇಡುವ ಮಾತನ್ನು ಎತ್ತುವ ಧೈರ್ಯ ಅವರಿಗಾಗಲಿಲ್ಲ. ಬಾಜೂ ಮನೆಯ ಆಪಾ, ಮನೆಯಲ್ಲಿ ಉರ್ದು ಮಾತಾಡುವ, ಕಾಕುವಿನ ವಯಸ್ಸಿನವರೇ ಆದ ಹೆಂಗಸು, ತಮ್ಮ ಫ್ರಿಜ್ಜಿನಲ್ಲಿ ಜಾಗ ಕೊಟ್ಟರು. ಮುಂದೆ ಮೀನು ಬಂದ ಮೇಲೆ ದಿನಾ ಸಂಜೆ ಕಾಕಾ ಬಟ್ಟಲು ಹಿಡಿದು ಅವರ ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದು ಮಂಗಳವಾರ ಆಪಾ ಬಟ್ಟಲು ತುಂಬಿಸಿ ಕೊಡುತ್ತ ಒಳಗಿದ್ದ ಕಾಕುವಿಗೆ ಕೇಳುವಂತೆ ಅಂದರು: “ನಿಮ್ಮ ಮೀನಂದು ಊಟ ನಮ್ಮ ಮನಿಯಾಗ, ವಸ್ತಿ ನಿಮ್ಮ ಮನಿಯಾಗ. ಇನ್ನ ನಾವು ನೀವು ಬೀಗರು ಆದಿವಿ, ನೋಡ್ರಿ.” ಕಾಕು ನಗಬಾರದೆಂದು ಬಹಳ ಪ್ರಯತ್ನಿಸಿ ನಕ್ಕರು.

ಏಳನೆಯ ವಾರ ಐದು ಬಸವನಹುಳುಗಳು ಬಂದವು. ಗಾಜಿನ ಮೇಲಿನ ಪಾಚಿ ತಿನ್ನುವುದು ಅವುಗಳ ಕೆಲಸ. ಕಾಕು ಆವರೆಗೆ ತೊಟ್ಟಿಯನ್ನು ಅಡಿಗೆಮನೆಯ ಬಾಗಿಲಿನಿಂದಲೇ ನೋಡುತ್ತಿದ್ದರು. ಬಸವನಹುಳು ಬಂದ ಎರಡನೆಯ ಮಂಗಳವಾರ ನಾನು ಹೋದಾಗ ಆಕೆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಮೆಂತ್ಯಪಲ್ಲೆ ಸೋಸುತ್ತಿದ್ದರು. ಆ ದೊಡ್ಡದು ಬೆಳಗ್ಗೆ ಕೆಳಗಿತ್ತು, ಈಗ ನೋಡು ಅಷ್ಟು ಮೇಲೆ ಹೋಗಿದೆ, ಯಾರೂ ಬೆನ್ನು ಹತ್ತಿಲ್ಲ, ತನ್ನ ಪಾಡಿಗೆ ತಾನು ಏರಿತು ಎಂದು ನನಗೆ ತೋರಿಸಿದರು. ಕಾಕಾ ಆಕೆಯ ಹಿಂದೆ ನಿಂತು, ಮಾತಾಡಬೇಡ ಎಂದು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು.

ದಸರೆಯ ಮೇಲೆ ಕಿತ್ತಳೆ-ಬಿಳಿ ಪಟ್ಟೆಯ ಎರಡು ಮೀನು, ಒಂದು ಕೆಂಪು ಪಟ್ಟೆಯ ಸಿಗಡಿ ಬಂದವು. ಡಾಕ್ಟರರು ತಮ್ಮ ಮಾತಿನಂತೆ ಮೂರು ಕುಡಿ ಕೊಟ್ಟರು. ಮೊದಲನೆಯದು ಕಾಕಾನ ಹಲ್ಲುನೋವು ಮರೆಸಿದ ಹಸಿರು ಗುಂಡಿಗಳು. ಎರಡನೆಯದು ಅಣಬೆಯಂಥದ್ದು. ಮೂರನೆಯದು ಒಂದೇ ಬುಡದಿಂದ ಎದ್ದ ಸಣ್ಣ ಸಣ್ಣ ಕೈಗಳ ಗೊಂಚಲು. ಪ್ರತಿ ಕೈಗೂ ಎಳೆಯಂಥ ಬೆರಳು. ಆ ಬೆರಳುಗಳು ಹಗಲೆಲ್ಲ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತವೆ. ಮಲ್ಲಿಗೆಯ ಕುಡಿಯಂತೆ ಇದನ್ನೂ ಕೊಟ್ಟು ತಗೊಳ್ಳುತ್ತಾರೆ ಎಂದು ಕೇಳಿ ಕಾಕುವಿಗೆ ಹಿಡಿಸಿತು. ಮೊದಲೆರಡು ನಿಮ್ಮವು, ಈ ಮುಷ್ಟಿ ಮಾತ್ರ ನನ್ನದು ಎಂದುಬಿಟ್ಟರು. ಗುಂಡಿಗಳ ಮುಂದೆ ಕಾಕಾ, ಮುಷ್ಟಿಯ ಮುಂದೆ ಕಾಕು, ಇಬ್ಬರೂ ಸಂಜೆ ಎರಡು ಮಣೆ ಹಾಕಿಕೊಂಡು ಕೂಡುವುದನ್ನು ನಾನು ಮೂರು ಮಂಗಳವಾರ ನೋಡಿದ್ದೇನೆ. ಆ ಮನೆಯಲ್ಲಿ ಅವರಿಬ್ಬರು ಅಷ್ಟು ಸುಮ್ಮನೆ, ಅಷ್ಟು ಖುಷಿಯಲ್ಲಿ ಕುಳಿತದ್ದನ್ನು ತಾನು ನಲವತ್ತು ವರ್ಷದಲ್ಲಿ ಕಂಡಿಲ್ಲ ಎಂದು ಆಪಾ ಹೇಳಿದರು.

ಈಗ ನಾನು ನಿಧಾನವಾಗಿ ಬರೆಯಬೇಕಾದ ಭಾಗ.

ದೀಪಾವಳಿಯ ನೀರು ತುಂಬುವ ಹಬ್ಬ ಆ ವರ್ಷ ಮಂಗಳವಾರವೇ ಬಿತ್ತು. ನಾನು ಹೋದಾಗ ಬಚ್ಚಲಿನ ದೊಡ್ಡ ಹಂಡೆಯನ್ನೂ, ಕಾಕುವಿನ ತವರಿನಿಂದ ಬಂದ ಸಣ್ಣ ಹಂಡೆಯನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುಣ್ಣದ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ ಇಟ್ಟಿದ್ದರು. ಎರಡೂ ತಾಮ್ರದವು. ಸಣ್ಣದಂತೂ ಕನ್ನಡಿಯಂತೆ ಹೊಳೆಯುತ್ತಿತ್ತು. ಅದು ಮದುವೆಯಾದಾಗಿನಿಂದ ದೇವರ ಮನೆಯಲ್ಲೇ ಇತ್ತು, ಹಬ್ಬಕ್ಕಲ್ಲದೆ ಹೊರಗೆ ಬಂದದ್ದಿಲ್ಲ. ತೊಟ್ಟಿಯ ಇಪ್ಪತ್ತು ಲೀಟರ್ ನೀರು ಬದಲಿಸುವ ವಾರವೂ ಅದೇ ಆಗಿತ್ತು. ಕಾಕಾ ಡ್ರಮ್ಮು ಎಳೆಯಲು ಹೊರಟಾಗ ಕಾಕು ತಡೆದರು.

“ಹಬ್ಬದ ದಿನಾನೂ ಆ ಬಣ್ಣದ ಡ್ರಮ್ಮಿನ ನೀರು ಏನ್ರಿ ಅವಕ್ಕ? ನನ್ನ ಹಂಡಿಯಾಗ ಕಲಸ್ರಿ. ಇಪ್ಪತ್ತು ಲೀಟರ ಹಿಡಿತೈತಿ. ನಾಳಿ ಎಲ್ಲಾರಿಗೂ ಎಣ್ಣಿನೀರು, ಅವಕ್ಕೂ ಆಗಲಿ.”

ಕಾಕಾನ ಮುಖ ನಾನು ನೋಡಿದೆ. ತೊಟ್ಟಿಗಾಗಿ ಆಕೆ ತಾನಾಗಿಯೇ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ಅವರು ಎರಡೂ ಕೈಯಿಂದ ಹಂಡೆಯನ್ನು ಎತ್ತಿಕೊಂಡು ಬಂದು ನೀರು ತುಂಬಿ, ಉಪ್ಪು ಬೆರೆಸಿ, ಪಂಪು ಬಿಟ್ಟರು. ತಾಮ್ರದಲ್ಲಿಟ್ಟ ನೀರು ಶುದ್ಧ ಎಂದು ನಂಬಿ ಬೆಳೆದ ಮನೆ ಅವರದು. ನನ್ನದೂ ಹೌದು. ನಾನು ಆ ಹಂಡೆಯಿಂದಲೇ ಒಂದು ಹನಿ ತೆಗೆದು ನೋಡಿದೆ. ಮೂವತ್ತೈದು. ಬರೆದುಕೊಂಡೆ. ಅವರು ಕೊಟ್ಟ ಕರಜಿಕಾಯಿ ತಿಂದೆ, ಹಂಡೆ ಎಷ್ಟು ಚೆಂದ ಎಂದೂ ಅಂದೆ. ಪಾತ್ರೆ ಯಾವುದು ಎಂಬ ಸಾಲು ನನ್ನ ಪುಸ್ತಕದಲ್ಲಿ ಇರಲಿಲ್ಲ. ಈಗ ಇದೆ.

ಮರುದಿನ ಹನ್ನೆರಡು ಗಂಟೆಗೆ ಅವರ ಫೋನು ಬಂತು. ಖಾನಾಪುರದಿಂದ ಬಸ್ಸು ಹಿಡಿದು ನಾನು ಅಲ್ಲಿ ತಲುಪಿದಾಗ ಒಂದೂವರೆ. ಕಾಕು ಹಬ್ಬದ ಊಟಕ್ಕೆ ಅಣ್ಣನ ಮನೆಗೆ ಹೋಗಿದ್ದರು. ಬೆಳಗ್ಗೆ ಎಣ್ಣೆನೀರಾದ ಮೇಲೆ ಕಾಕಾ ಹಂಡೆಯ ನೀರನ್ನು ತೊಟ್ಟಿಗೆ ಹಾಕಿದ್ದರು. ಈಗ ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿನ ಮೇಲೆ ಬಿದ್ದಿದ್ದವು. ಸಿಗಡಿ ಅಡ್ಡಾಗಿತ್ತು, ಅಲುಗಾಡಲಿಲ್ಲ. ಕಾಕುವಿನ ಮುಷ್ಟಿ ಪೂರಾ ಮುಚ್ಚಿ ಒದ್ದೆ ಅರಿವೆಯ ಹಾಗೆ ಜೋತಿತ್ತು. ಮೀನೆರಡು ಮಾತ್ರ ಈಜುತ್ತಿದ್ದವು.

ಉಪ್ಪು ನೋಡಿದೆ, ಸರಿ. ಅಮೋನಿಯಾ ಇಲ್ಲ. ಬಿಸಿ ಸರಿ. ನನ್ನ ಹತ್ತಿರ ಇದ್ದ ಎಲ್ಲ ಪರೀಕ್ಷೆಗಳನ್ನೂ ಮುಗಿಸಿ, ಕೈ ತೊಳೆಯಲೆಂದು ತಿರುಗಿದಾಗ ಹಂಡೆ ಕಂಡಿತು. ಒಳಗೆ, ನೀರು ನಿಂತಿದ್ದ ಮಟ್ಟದಲ್ಲಿ, ಸುತ್ತಲೂ ಒಂದು ಸಣ್ಣ ಹಸಿರು-ನೀಲಿ ಗೆರೆ. ಕಾಕಾ ನನ್ನ ಕಣ್ಣು ಎಲ್ಲಿದೆ ಎಂದು ನೋಡಿದರು. ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡರು. ಅದು ಮೈಲುತುತ್ತದ ಜಾತಿ ಎಂದರು. ಬಣ್ಣ ಕಚ್ಚಲೆಂದು ಎಷ್ಟೋ ವರ್ಷ ಅದನ್ನು ಕೈಯಾರೆ ಅಳೆದವರು ಅವರು. ಉಪ್ಪುನೀರು ಇಡೀ ರಾತ್ರಿ ತಾಮ್ರವನ್ನು ತಿಂದಿತ್ತು. ಮನುಷ್ಯರಿಗೆ ಏನೂ ಆಗದಷ್ಟು ತಾಮ್ರವೂ ಹುಳು, ಸಿಗಡಿ, ಹವಳಗಳಿಗೆ ವಿಷ.

ಆಮೇಲೆ ಅವರ ಕೈಗಳು ಕೆಲಸ ಮಾಡಿದ್ದನ್ನು ನಾನು ಮರೆಯಲಾರೆ. ಮೂರು ಪ್ಲಾಸ್ಟಿಕ್ ಬಕೇಟು, ಮೂರರಲ್ಲೂ ಹೊಸದಾಗಿ ಬೆರೆಸಿದ ಉಪ್ಪುನೀರು, ಮೂರಕ್ಕೂ ನಾನು ಅಂಕಿ ಹೇಳಿದೆ. ಹವಳದ ಒಂದೊಂದೇ ಕುಡಿಯನ್ನು ಎತ್ತಿ, ನೂಲು ಜಾಲಿಸುವಂತೆ, ಹಿಂಡದೆ, ಎಳೆಯದೆ, ಒಂದು ನೀರು, ಎರಡು ನೀರು, ಮೂರು ನೀರು ಮಾಡಿ ನೀಲಿ ಡ್ರಮ್ಮಿಗೆ ಇಳಿಸಿದರು. ಬಸವನಹುಳುಗಳಲ್ಲಿ ಮೂರು ಮೂರನೆಯ ನೀರಿನಲ್ಲಿ ಕಾಲು ಚಾಚಿದವು. ಎರಡು ಚಾಚಲಿಲ್ಲ. ಅವನ್ನೂ ಸಿಗಡಿಯನ್ನೂ ಒಂದು ತಾಟಿನಲ್ಲಿಟ್ಟರು.

ಕಾಕು ಬಂದಾಗ ನಡೆದದ್ದನ್ನು ಹೇಳಿದರೆ ತೊಟ್ಟಿ ಉಳಿಯುತ್ತದೆ, ಹಂಡೆ ಆಕೆಯೇ ಕೊಟ್ಟದ್ದಲ್ಲವೇ ಎಂದೆ ನಾನು. ಅವರು ತಲೆ ಅಲ್ಲಾಡಿಸಿದರು.

“ಡಬ್ಬಿ ಹೋದ್ರ ಹೋಗಲಿ ಬಾಯಾರ. ಅದು ತವರಿನ ಹಂಡಿ. ಪ್ರೀತಿಲೆ ಕೊಟ್ಟಾಳ. ಜೀವಾ ತಗೋತು ಅಂತ ಆಕಿಗಿ ಹೆಂಗ ಹೇಳ್ಲಿ?”

ಹಾಗೆಂದು ಹಂಡೆಯನ್ನು ಬಚ್ಚಲಿಗೆ ಒಯ್ದು ತಾವೇ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ತಿಕ್ಕುವಾಗ ಅಳಿಸಿಹೋದ ಸುಣ್ಣದ ಗೆರೆಗಳನ್ನು ಮತ್ತೆ ಎಳೆದು, ಬಳ್ಳಿ ಸುತ್ತಿ, ದೇವರ ಮನೆಯಲ್ಲಿಟ್ಟರು.

ಐದು ಗಂಟೆಗೆ ಕಾಕು ಬಂದರು. ಮೊದಲು ಡ್ರಮ್ಮು ನೋಡಿದರು, ಆಮೇಲೆ ತಾಟು. ಕಾಕಾ ನಿಂತುಕೊಂಡೇ, ತಮ್ಮ ಕೈಯಿಂದ ತಪ್ಪಾಯಿತು, ನೀರು ಸರಿಯಾಗಿ ಕಲಸಲಿಲ್ಲ, ಮಾತು ಕೊಟ್ಟಂತೆ ನಾಳೆ ಎಲ್ಲವನ್ನೂ ಡಾಕ್ಟರರಿಗೆ ಕೊಟ್ಟು ಬರುತ್ತೇನೆ ಎಂದರು. ಆಕೆ ನನ್ನ ಕಡೆ ತಿರುಗಿದರು.

“ಖರೇ ಏನವ್ವಾ? ನೀರು ತಪ್ಪಿತ್ತೇನು?”

ನಾನು ಸುಳ್ಳು ವರದಿ ಬರೆದವಳಲ್ಲ. ಕಾಕಾನ ಮುಖ ನೋಡಿ ಸತ್ಯವನ್ನೂ ಹೇಳಲಾಗಲಿಲ್ಲ. ಪುಸ್ತಕ ತೆಗೆದು ಬರೆದಷ್ಟನ್ನು ಓದಿದೆ: ಉಪ್ಪು ಮೂವತ್ತೈದು, ಅಮೋನಿಯಾ ಇಲ್ಲ, ಬಿಸಿ ಸರಿ. ಕಾಕು, ನೀರು ತಪ್ಪೆಂದು ನೀವನ್ನುತ್ತೀರಿ, ಸರಿಯೆಂದು ಈಕೆಯ ಪುಸ್ತಕ ಅನ್ನುತ್ತದೆ, ನಿಮ್ಮಿಬ್ಬರಲ್ಲಿ ಒಬ್ಬರಿಗೆ ಎಣ್ಣೆನೀರು ತಲೆಗೇರಿದೆ ಎಂದು ಗೊಣಗುತ್ತ, ಅಣ್ಣನ ಮನೆಯ ಹೋಳಿಗೆಯನ್ನು ದೇವರ ಮುಂದಿಡಲು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಸಣ್ಣ ಹಂಡೆ ಆಕೆಯ ಸೊಂಟದ ಮೇಲಿತ್ತು.

“ಈ ಗೆರಿ ಯಾರು ಎಳದ್ರು?”

ಕಾಕಾ ತಾಟನ್ನು ತುಸು ಪಕ್ಕಕ್ಕೆ ಸರಿಸಿದರು.

“ನಾ ಮೂರು ಬೆರಳಿಲೆ ಒಮ್ಮೆ ಎಳೀತೀನಿ. ಇವು ಒಂದೊಂದ ಎಳದದ್ದು, ಮಗ್ಗಕ್ಕ ಹಾಸು ಹೂಡಿದಂಗ ನೆಟ್ಟಗ ಅದಾವ. ನಲವತ್ತೊಂದು ವರ್ಷ ಒಂದು ತಂಬಗಿ ತಿಕ್ಕಿದ ಮನಷ್ಯಾ ಅಲ್ಲ ನೀವು. ಇವತ್ತ ಹಂಡಿ ಯಾಕ ತಿಕ್ಕಿದ್ರಿ?”

ಕಾಕು ಹಂಡೆಯೊಳಗೆ ನೋಡಿದರು, ತಾಟು ನೋಡಿದರು, ನನ್ನನ್ನು ನೋಡಿ ಒಂದೇ ಮಾತು ಕೇಳಿದರು: ತಾಮ್ರವೇನು? ಹೌದು ಎಂದೆ. ಆಕೆ ಹಂಡೆಯನ್ನು ಕೆಳಗಿಟ್ಟು ಮಣೆಯ ಮೇಲೆ ಕುಳಿತರು. ಹೆಸರಿನಲ್ಲೇ ಬಸವ ಇದ್ದಾನೆ ಅವಕ್ಕೆ, ಹಾಗೇ ಒಗೆಯಬೇಡಿರಿ ಎಂದರು. ಸ್ವಲ್ಪ ವಿಭೂತಿ ತಂದು ತಾಟಿನಲ್ಲಿದ್ದ ಎರಡು ಹುಳುಗಳಿಗೂ ಇಟ್ಟರು. ಸಿಗಡಿಗೂ ಇಟ್ಟರು. ಅಂಗಳದ ಬಿಲ್ವದ ಬುಡದಲ್ಲಿ ಕಾಕಾ ಅವನ್ನು ಮಣ್ಣು ಮಾಡಿದರು.

ಬಣ್ಣಗಾರನಾದ ತನಗೆ ತಿಳಿಯಬೇಕಿತ್ತು, ನೀನು ಹಂಡೆ ಕೊಟ್ಟೆ ಎಂಬ ಸಂತೋಷಕ್ಕೆ ತಲೆಯೇ ಓಡಲಿಲ್ಲ ಎಂದು ಕಾಕಾ ಒಳಗೆ ಬಂದು ಹೇಳಿದರು. ಕಾಕು ಡ್ರಮ್ಮಿನ ಹತ್ತಿರ ಹೋಗಿ ತಮ್ಮ ಮುಷ್ಟಿಯನ್ನು ನೋಡಿದರು. ಅದು ಮುಚ್ಚಿಯೇ ಇತ್ತು.

“ಷರತ್ತು ಹಾಕಿದಾಕಿ ನಾನು, ಅದನ್ನ ನಾನ ತಗದೆ,” ಎಂದರು. “ಆದ್ರ ಈ ಮುಷ್ಟಿ ತೆರೀಬೇಕು. ತೆರೀಲಿಲ್ಲಂದ್ರ ನನಗ ಇದರ ಮುಂದ ಕುಂದ್ರಾಕ ಆಗೂದಿಲ್ಲ. ಆಗ ಒಯ್ದು ಕೊಟ್ಟು ಬರ್ರಿ. ನಿಮ್ಮ ಮ್ಯಾಲ ಸಿಟ್ಟಿಲ್ಲ.”

ಮರುದಿನ ಡಾಕ್ಟರರು ತಾಮ್ರ ಹೀರಿದ ಕಲ್ಲುಗಳ ಬದಲಿಗೆ ತಮ್ಮ ತೊಟ್ಟಿಯ ಪಳಗಿದ ಕಲ್ಲುಗಳನ್ನು ಕೊಟ್ಟರು. ತೊಟ್ಟಿಯನ್ನು ಪೂರಾ ಬಸಿದು, ಮೂರು ನೀರಿನಲ್ಲಿ ತೊಳೆದು, ಹೊಸ ಮರಳು ಹಾಕಿ, ಎಲ್ಲವನ್ನೂ ಮರಳಿ ಇಳಿಸಿದರು. ಗುಂಡಿಗಳು ಪಾಡ್ಯದ ದಿನ ತೆರೆದವು. ಅಣಬೆ ಅದರ ಮರುದಿನ. ಮುಷ್ಟಿ ತೆರೆಯಲಿಲ್ಲ. ದಿನಾ ಫೋನು ಮಾಡಿ ಕೇಳುತ್ತಿದ್ದೆ. ಕಾಕಾ, ಇನ್ನೂ ಇಲ್ಲ ಎಂದಷ್ಟೇ ಹೇಳುತ್ತಿದ್ದರು. ಗುಂಡಿಗಳು ತೆರೆದ ಸಂತೋಷವನ್ನೂ ಅವರು ಮನೆಯಲ್ಲಿ ತೋರಿಸಿಕೊಳ್ಳಲಿಲ್ಲ ಎಂದು ಆಪಾ ಆಮೇಲೆ ಹೇಳಿದರು. ತಮ್ಮ ಮಣೆಯನ್ನೂ ಮುಷ್ಟಿಯ ಮುಂದೆಯೇ ಹಾಕಿಕೊಂಡಿದ್ದರಂತೆ.

ಸೋಮವಾರ ಬೆಳಗ್ಗೆ ಹತ್ತೂವರೆಗೆ ಪ್ರಯೋಗಾಲಯದ ಫೋನು ರಿಂಗಾಯಿತು. ಕಾಕು. ಆಕೆ ನನಗೆ ಅದಕ್ಕೆ ಮೊದಲು ಎಂದೂ ಫೋನು ಮಾಡಿದವರಲ್ಲ. ಬಹಳ ಮೆಲ್ಲಗೆ, ಮಗು ಮಲಗಿದ ಮನೆಯಲ್ಲಿ ಮಾತಾಡುವಂತೆ ಮಾತಾಡಿದರು.

“ತೆರದೈತಿ,” ಎಂದರು. “ಒಂದು ಕೈ. ತಡಿಯವ್ವಾ, ಎರಡು. ಬಾಜೂಕಿಂದೂ ತೆರೀತು, ಮೂರು.”

ಹಿಂದಿನಿಂದ ಕಾಕಾನ ದನಿ ಕೇಳಿಸಿತು: ಆ ಸಣ್ಣದನ್ನು ನೀನು ಎಣಿಸಲಿಲ್ಲ. ಎಣಿಸಿದ್ದೇನೆ ಎಂದರು ಕಾಕು. ಇಲ್ಲ, ಕಲ್ಲಿನ ಹಿಂದಿನದು ಎಂದರು ಅವರು. ಆಮೇಲೆ ಇಬ್ಬರೂ ಫೋನನ್ನು ಮರೆತರು. ನಾನು ಇಡಲಿಲ್ಲ. ನನ್ನ ಮುಂದೆ ಪರೀಕ್ಷೆಗೆ ಬಂದ ಏಳು ಬಾಟಲಿಗಳಿದ್ದವು, ಅವು ಕಾಯಲಿ ಎಂದುಕೊಂಡು, ಅತ್ತ ಕಡೆಯಿಂದ ಒಬ್ಬರ ಮಾತಿನ ಮೇಲೊಬ್ಬರು ನಾಲ್ಕು, ಐದು, ಆರು ಎಂದು ಎಣಿಸುವುದನ್ನು ಕೇಳುತ್ತ ನಿಂತೆ.